ಬಿದ್ದ ತಕ್ಕಡಿ ತನ್ನನ್ನು ತಾನೇ ತೂಗಲಾರದು



ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆ ಯಾರಾದರೂ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರೆ ಸೇರಿದವರು ಕೇಳುವ ಮೊದಲ ಪ್ರಶ್ನೆ, "ರಕ್ತ ಬಂತೇನು?" ರಕ್ತ ಬಂದಿದ್ದರೆ ಎಲ್ಲರೂ ಓಡಾಡುತ್ತಾರೆ. ಬಂದಿರದಿದ್ದರೆ ಬಿದ್ದವನು ಬಟ್ಟೆಯ ಧೂಳು ಝಾಡಿಸಿಕೊಂಡು, "ಏನೂ ಆಗಿಲ್ಲ ಕಾಕಾ" ಎಂದು ಎದ್ದು ಹೋಗುತ್ತಾನೆ. ಅಲ್ಲಿಗೆ ಎಲ್ಲರೂ ಆ ಮಾತನ್ನು ಮರೆಯುತ್ತಾರೆ. ಈ ತಿಂಗಳು ಆ "ಏನೂ ಆಗಿಲ್ಲ" ಎಂಬ ಮಾತಿನ ಬಗ್ಗೆಯೇ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ.

ಅಂಗಡಿ ಇಟ್ಟವರಿಗೆಲ್ಲ ಒಂದು ಸಂಗತಿ ಗೊತ್ತು. ತಕ್ಕಡಿ ಕೈಜಾರಿ ನೆಲಕ್ಕೆ ಬಿದ್ದರೆ ಅದು ಸರಿಯಾಗಿದೆಯೇ ಎಂಬುದನ್ನು ತಕ್ಕಡಿಯನ್ನೇ ಕೇಳಿ ತಿಳಿಯಲಾಗದು. ಮುದ್ರೆ ಬಿದ್ದ ತೂಕದ ಕಲ್ಲನ್ನು ಹೊರಗಿನಿಂದ ತಂದು ಇಟ್ಟು ನೋಡಬೇಕು. ತಲೆಗೆ ಪೆಟ್ಟು ಬಿದ್ದವರ ವಿಷಯವೂ ಇದೇ. ಪೆಟ್ಟು ಬಿದ್ದಿರುವುದು ಮಿದುಳಿಗೆ. "ನಾನು ಚೆನ್ನಾಗಿದ್ದೇನೆ" ಎಂದು ಹೇಳುತ್ತಿರುವುದೂ ಅದೇ ಮಿದುಳು. ಆದ್ದರಿಂದ ಅವರ ಮಾತೊಂದನ್ನೇ ಸಾಕ್ಷಿ ಎಂದು ಹಿಡಿಯದೆ, ಪಕ್ಕದಲ್ಲಿದ್ದವರು ಕಣ್ಣಿಟ್ಟು ನೋಡಬೇಕು.

ಒಳಗೆ ಆಗುವುದೇನು?

ನಮ್ಮ ಮಿದುಳು ಸುಮಾರು 1.3 ಕಿಲೋ ತೂಕದ ಮೆತ್ತನೆಯ ಅಂಗ. ತಲೆಬುರುಡೆಯೊಳಗೆ ತೆಳುವಾದ ದ್ರವದಲ್ಲಿ ತೇಲಿದಂತೆ ಇರುತ್ತದೆ. ಹೆಪ್ಪು ಹಾಕಿದ ಮೊಸರಿನ ಗಡಿಗೆಯನ್ನು ಬಂಡಿಯಲ್ಲಿ ಇಟ್ಟುಕೊಂಡು ಕಲ್ಲುದಾರಿಯಲ್ಲಿ ಹೋದರೆ ಗಡಿಗೆಗೆ ಬಿರುಕು ಬರದಿದ್ದರೂ ಒಳಗಿನ ಮೊಸರು ಒಡೆದಿರುತ್ತದೆ. ತಲೆಗೆ ಪೆಟ್ಟು ಬಿದ್ದಾಗ, ಇಲ್ಲವೆ ಮೈಗೆ ಬಿದ್ದ ಹೊಡೆತದಿಂದ ತಲೆ ಜೋರಾಗಿ ಅಲುಗಿದಾಗ, ಮಿದುಳಿಗೂ ಅಂಥ ಕುಲುಕಾಟವಾಗುತ್ತದೆ. ಅದರ ಕೆಲಸ ಸ್ವಲ್ಪ ಕಾಲ ಏರುಪೇರಾಗುತ್ತದೆ. ಇದಕ್ಕೆ ವೈದ್ಯರು ಕನ್‌ಕಷನ್ ಎನ್ನುತ್ತಾರೆ.

ಎರಡು ತಪ್ಪು ತಿಳಿವಳಿಕೆಗಳು ನಮ್ಮಲ್ಲಿವೆ. ಮೊದಲನೆಯದು, ಎಚ್ಚರ ತಪ್ಪಿದ್ದರೆ ಮಾತ್ರ ಪೆಟ್ಟು ದೊಡ್ಡದು ಎಂಬುದು. ಕನ್‌ಕಷನ್ ಆದವರಲ್ಲಿ ಹೆಚ್ಚಿನವರಿಗೆ ಎಚ್ಚರ ತಪ್ಪುವುದೇ ಇಲ್ಲ. ಎರಡನೆಯದು, ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೆ ಏನೂ ಆಗಿಲ್ಲ ಎಂಬುದು. ಸಿ.ಟಿ. ಸ್ಕ್ಯಾನ್ ಮಾಡುವುದು ಒಳಗೆ ರಕ್ತಸ್ರಾವವಿದೆಯೇ, ಬುರುಡೆ ಬಿರಿದಿದೆಯೇ ಎಂದು ನೋಡಲು. ಕನ್‌ಕಷನ್ ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಸ್ಕ್ಯಾನ್ ಚೆನ್ನಾಗಿ ಬಂದರೆ ದೊಡ್ಡ ಭಯ ಕಳೆಯಿತೆಂದು ಸಮಾಧಾನಪಡಬಹುದು. ಆದರೆ ಮರುದಿನವೇ ಅಂಗಡಿಗೆ ಹೋಗಿ ಮೂಟೆ ಎತ್ತಬಹುದೆಂದು ಅದರ ಅರ್ಥವಲ್ಲ.

ಮೈದಾನದಿಂದ ಮೂರು ಪಾಠ

ಕ್ರಿಕೆಟ್ ನೋಡುವ ಮಕ್ಕಳು ಎಲ್ಲ ಮನೆಗಳಲ್ಲೂ ಇದ್ದಾರೆ. ಹಾಗಾಗಿ ಅಲ್ಲಿಯ ಉದಾಹರಣೆಗಳನ್ನೇ ಕೊಡುತ್ತೇನೆ.

2021ರ ಆಗಸ್ಟ್ 2ರಂದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಭಾರತ ತಂಡದ ಅಭ್ಯಾಸ ನಡೆದಿತ್ತು. ಬ್ಯಾಟ್ ಹಿಡಿದಿದ್ದವರು ಕರ್ನಾಟಕದ ಮಯಂಕ್ ಅಗರ್‌ವಾಲ್. ಚೆಂಡು ಎಸೆದವರು ನಮ್ಮ ಹೈದರಾಬಾದಿನ ಮೊಹಮ್ಮದ್ ಸಿರಾಜ್. ಚೆಂಡು ಮಯಂಕ್ ಅವರ ಹೆಲ್ಮೆಟ್‌ಗೆ ಬಡಿಯಿತು. ಪರೀಕ್ಷೆ ಮಾಡಿದಾಗ ಕನ್‌ಕಷನ್ ಲಕ್ಷಣಗಳು ಕಂಡವು. ಎರಡು ದಿನಕ್ಕೆ ಮೊದಲ ಟೆಸ್ಟ್ ಪಂದ್ಯ. ಆದರೂ ಅವರನ್ನು ಆ ಪಂದ್ಯದಿಂದ ಹೊರಗಿಟ್ಟು ವೈದ್ಯರ ನಿಗಾದಲ್ಲಿ ಇರಿಸಿದರು. ಅವರ ಜಾಗದಲ್ಲಿ ಆರಂಭ ಆಟಗಾರನಾಗಿ ಇಳಿದ ಮಂಗಳೂರಿನ ಕೆ.ಎಲ್. ರಾಹುಲ್ 84 ರನ್ ಹೊಡೆದರು, ಮುಂದಿನ ಲಾರ್ಡ್ಸ್ ಪಂದ್ಯದಲ್ಲಿ 129 ಹೊಡೆದು ಆ ಜಾಗವನ್ನು ಗಟ್ಟಿ ಮಾಡಿಕೊಂಡರು. ಅಂದರೆ ಮಯಂಕ್ ಅವರಿಗೆ ನಷ್ಟವಾದದ್ದು ನಿಜ. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ನ್ಯೂಜಿಲೆಂಡ್ ವಿರುದ್ಧ ಅವರು 150 ರನ್ ಹೊಡೆದರು. ನಾಲ್ಕು ದಿನ ಕುಳಿತದ್ದರಿಂದ ಬ್ಯಾಟು ಮೊಂಡಾಗಲಿಲ್ಲ. ಆಡುವುದೋ ಬಿಡುವುದೋ ಎಂಬುದನ್ನು ಪೆಟ್ಟು ತಿಂದವರ ಹುಮ್ಮಸ್ಸಿಗೆ ಬಿಡದೆ ಇತರರು ತೀರ್ಮಾನಿಸಿದರು ಎಂಬುದೇ ಇಲ್ಲಿಯ ಪಾಠ.

2019ರ ಆಗಸ್ಟಿನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಅವರ ಕುತ್ತಿಗೆಗೆ ಚೆಂಡು ಬಡಿಯಿತು. ಆಗ ಅವರದು 80 ರನ್. ಪರೀಕ್ಷೆಯಲ್ಲಿ ಪಾಸಾಗಿ ಮತ್ತೆ ಬಂದು 92ರ ವರೆಗೆ ಆಡಿದರು. ಮರುದಿನ ಬೆಳಿಗ್ಗೆ ಏಳುವಾಗ ತಲೆನೋವು, ಮಂಪರು. ಆಗ ಪಂದ್ಯದಿಂದ ಹೊರಗುಳಿದರು. ಲಕ್ಷಣಗಳು ಕೆಲವೊಮ್ಮೆ ಒಂದು ರಾತ್ರಿ ಕಳೆದ ಮೇಲೆ ಕಾಣಿಸಿಕೊಳ್ಳುತ್ತವೆ ಎಂಬುದು ಎರಡನೆಯ ಪಾಠ.

ಮೂರನೆಯದು ದುಃಖದ್ದು. ಭಾರತದ ಪರ ಆಡಿದ್ದ ರಮಣ್ ಲಾಂಬಾ 1998ರ ಫೆಬ್ರವರಿ 20ರಂದು ಢಾಕಾದಲ್ಲಿ ಒಂದು ಕ್ಲಬ್ ಪಂದ್ಯ ಆಡುತ್ತಿದ್ದರು. ಹೆಲ್ಮೆಟ್ ಇಲ್ಲದೆ ಬ್ಯಾಟ್ಸ್‌ಮನ್‌ನ ತೀರ ಹತ್ತಿರ ನಿಂತಿದ್ದಾಗ ಚೆಂಡು ತಲೆಗೆ ಬಡಿಯಿತು. ಅವರು ತಾವೇ ನಡೆದು ಒಳಗೆ ಹೋದರು. ಅನಂತರ ಸ್ಥಿತಿ ಕೆಟ್ಟಿತು. ಮಿದುಳಿನೊಳಗೆ ರಕ್ತಸ್ರಾವವಾಗಿತ್ತು. ಫೆಬ್ರವರಿ 23ರಂದು ತೀರಿಕೊಂಡರು. ವಯಸ್ಸು 38. ಬರಿಯ ಕನ್‌ಕಷನ್ ಪ್ರಾಣ ತೆಗೆಯುವುದಿಲ್ಲ, ಒಳಗಿನ ರಕ್ತಸ್ರಾವ ತೆಗೆಯುತ್ತದೆ. ಆದರೆ ಮೊದಲ ಗಂಟೆಗಳಲ್ಲಿ ಎರಡೂ ಒಂದೇ ತರಹ ಕಾಣಬಹುದು. ಎದ್ದು ನಡೆದವನು ಪಾರಾದ ಎಂದು ತಿಳಿಯಬಾರದು. ನೋಡುತ್ತಿರಬೇಕು.

ಗುರುತಿಸುವುದು ಹೇಗೆ?

ಚೆಂಡು ಬಡಿದರೇ ಆಗಬೇಕೆಂದಿಲ್ಲ. ತಾಂಡೂರು ಕಲ್ಲು, ಶಹಾಬಾದ್ ಕಲ್ಲು ಹಾಸಿದ ಬಚ್ಚಲು ಮತ್ತು ಅಂಗಳ ನಮ್ಮವು. ಸಾಬೂನಿನ ನೀರು ಬಿದ್ದರೆ ಕಾಲು ನಿಲ್ಲುವುದಿಲ್ಲ. ಗೋದಾಮಿನಲ್ಲಿ ತೊಗರಿ ಮೂಟೆಗಳ ಥಪ್ಪಿ ಮೇಲಿಂದ ಹಮಾಲರು ಜಾರುತ್ತಾರೆ. ಅಟ್ಟದ ಏಣಿ, ಗಿಡ್ಡ ಬಾಗಿಲಿನ ಮೇಲ್ಪಟ್ಟಿ, ಸಂಕ್ರಾಂತಿಯಲ್ಲಿ ಗಾಳಿಪಟ ಹಿಡಿದು ಮಕ್ಕಳು ಓಡಾಡುವ ಕಟ್ಟೆಯಿಲ್ಲದ ಮಾಳಿಗೆ, ಊರ ನಡುವೆ ಹಾಯ್ದ 65ನೇ ನಂಬರಿನ ಹೆದ್ದಾರಿಯ ಮೋಟಾರ್ ಸೈಕಲ್ಲು, ಹೀಗೆ ಕಾರಣಗಳು ನೂರು.

ಪೆಟ್ಟಾದವರು ಕಣ್ಣು ಮಿಟುಕಿಸದೆ ದಿಗ್ಭ್ರಮೆಯಲ್ಲಿ ಕುಳಿತಿದ್ದಾರೆಯೇ, ತಡವಾಗಿ ಉತ್ತರ ಕೊಡುತ್ತಾರೆಯೇ, ನಡೆಯುವಾಗ ತೂರಾಡುತ್ತಾರೆಯೇ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆಯೇ ಎಂದು ನೋಡಿ. ಇಂದು ಯಾವ ವಾರ, ಬೆಳಿಗ್ಗೆ ಏನು ಉಂಡಿರಿ, ಬೀಳುವ ಮುಂಚೆ ಏನು ಮಾಡುತ್ತಿದ್ದಿರಿ ಎಂದು ಕೇಳಿ. ಹೆಸರು, ಊರು ಸರಿಯಾಗಿ ಹೇಳಿ, ಬಿದ್ದ ಹೊತ್ತಿನದು ನೆನಪಿಲ್ಲ ಎನ್ನುವುದು ಸಾಮಾನ್ಯ. ತಲೆನೋವು, ತಲೆಸುತ್ತು, ಓಕರಿಕೆ, ಬೆಳಕು ಮತ್ತು ಸದ್ದು ಸಹಿಸದಿರುವುದು, ಕಣ್ಣು ಮಂಜಾಗುವುದು, "ತಲೆಯಲ್ಲಿ ಮಂಜು ತುಂಬಿದಂತಿದೆ" ಎನ್ನುವುದು, ಇವೂ ಲಕ್ಷಣಗಳೇ. ಒಂದೆರಡು ದಿನದ ಮೇಲೆ ನಿದ್ದೆಯ ಏರುಪೇರು, ವಿನಾಕಾರಣ ಸಿಟ್ಟು, ಅಳು, ಲೆಕ್ಕ ತಪ್ಪುವುದು ಕಾಣಬಹುದು.

ಇವುಗಳಲ್ಲಿ ಒಂದಿದ್ದರೂ ಆ ದಿನದ ಆಟ, ದುಡಿಮೆ, ಗಾಡಿ ಓಡಿಸುವುದು ಮುಗಿಯಿತು. ಒಮ್ಮೆ ಅಲುಗಿದ ಮಿದುಳು ಸುಧಾರಿಸುವ ಮುಂಚೆ ಇನ್ನೊಂದು ಪೆಟ್ಟು ಬಿದ್ದರೆ ಅಪಾಯ ಹೆಚ್ಚು. ಅದೇ ದಿನ ವೈದ್ಯರಿಗೆ ತೋರಿಸಿ.

ತಡಮಾಡದೆ ಆಸ್ಪತ್ರೆಗೆ

ಕೆಳಗಿನವುಗಳಲ್ಲಿ ಒಂದು ಕಂಡರೂ ನಾಳೆ ನೋಡೋಣ ಎನ್ನಬೇಡಿ. ತಲೆನೋವು ಹೊತ್ತು ಹೋದಂತೆ ಹೆಚ್ಚುವುದು. ಮತ್ತೆ ಮತ್ತೆ ವಾಂತಿ. ಎಚ್ಚರ ತಪ್ಪುವುದು, ಅಥವಾ ಎಬ್ಬಿಸಿದರೂ ಏಳದಂಥ ಮಂಪರು. ಫಿಟ್ಸ್ ಬರುವುದು. ಕಣ್ಣಿನ ಒಂದು ಪಾಪೆ ದೊಡ್ಡದು, ಇನ್ನೊಂದು ಚಿಕ್ಕದು ಕಾಣುವುದು. ಮಾತು ತೊದಲುವುದು. ಒಂದು ಕೈ ಅಥವಾ ಕಾಲು ಸೋಲುವುದು. ಮನೆಯವರ ಗುರುತು ಸಿಗದಿರುವುದು. ಮೂಗು, ಕಿವಿಯಿಂದ ರಕ್ತ ಅಥವಾ ನೀರಿನಂಥದು ಸೋರುವುದು. ಕುತ್ತಿಗೆಯಲ್ಲಿ ಬಲವಾದ ನೋವು. ಹಸುಗೂಸಾದರೆ ಎಷ್ಟು ಸಮಾಧಾನ ಮಾಡಿದರೂ ಅಳು ನಿಲ್ಲಿಸದಿರುವುದು, ಹಾಲು ಕುಡಿಯದಿರುವುದು.

ಹಿರಿಯರ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಹೃದಯದ ತೊಂದರೆಗೆ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಈಗ ಮನೆಗೊಬ್ಬರಿದ್ದಾರೆ. ಅಂಥವರಿಗೆ ಸಣ್ಣ ಪೆಟ್ಟಾದರೂ, ಲಕ್ಷಣ ಇರಲಿ ಬಿಡಲಿ, ಅಂದೇ ತೋರಿಸಬೇಕು. ಮಾತ್ರೆಯ ಚೀಟಿ ಜೊತೆಗೆ ಒಯ್ಯಿರಿ. ಮುಪ್ಪಿನಲ್ಲಿ ಮಿದುಳಿನ ಸುತ್ತ ನಿಧಾನವಾಗಿ ರಕ್ತ ಸೇರಿ, ಬಿದ್ದ ಎರಡು ಮೂರು ವಾರಗಳ ಮೇಲೆ ಮರೆವು, ತೂರಾಟ, ಮಂಪರು ಕಾಣುವುದುಂಟು. "ವಯಸ್ಸಾಯಿತು" ಎಂದು ತಳ್ಳಿಹಾಕದೆ, ಈಚೆಗೆ ಬಿದ್ದಿದ್ದರೇ ಎಂದು ನೆನಪು ಮಾಡಿಕೊಳ್ಳಿ.

108ಕ್ಕೆ ಫೋನ್ ಮಾಡಿ. 2005ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಸೇವೆ ಅದು, ಗಡಿಯಾಚೆ ಕರ್ನಾಟಕದಲ್ಲೂ ಅದೇ ನಂಬರು. ನಮ್ಮದು ಗಡಿ ಸೀಮೆ. ಜಹೀರಾಬಾದಿನವರಿಗೆ ಬೀದರ್ ಹತ್ತಿರ, ತಾಂಡೂರಿನವರಲ್ಲಿ ಕೆಲವರು ಕಲಬುರಗಿಗೆ, ಕೆಲವರು ಹೈದರಾಬಾದಿಗೆ ಹೋಗುತ್ತಾರೆ. ರಾತ್ರಿಯ ಹೊತ್ತು ಸಿ.ಟಿ. ಸ್ಕ್ಯಾನ್ ಎಲ್ಲಿ ನಡೆಯುತ್ತದೆ, ಮಿದುಳಿನ ಶಸ್ತ್ರವೈದ್ಯರು ಎಲ್ಲಿದ್ದಾರೆ ಎಂದು ಈಗಲೇ ವಿಚಾರಿಸಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಆಪತ್ತಿನ ಹೊತ್ತಿನಲ್ಲಿ ಊರೂರು ಕೇಳುತ್ತ ಅಲೆಯುವುದು ತಪ್ಪುತ್ತದೆ.

ರಸ್ತೆಯಲ್ಲಿ ಬಿದ್ದವರನ್ನು ಎತ್ತಿದರೆ ಪೊಲೀಸರ ತೊಡಕು ಬರುತ್ತದೆಂದು ಹೆದರುವವರಿದ್ದಾರೆ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಿದ 134ಎ ಕಲಮು ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಮುನಿಗಳ ವಿಹಾರದಲ್ಲಿ ಹೆದ್ದಾರಿಯ ಅಂಚಿನಲ್ಲಿ ಜೊತೆಗೆ ನಡೆಯುವ ಶ್ರಾವಕರಂತೂ ಈ ವಿಷಯಗಳನ್ನೆಲ್ಲ ತಿಳಿದಿರಲೇಬೇಕು.

ಮಾಡಬಾರದ ಉಪಚಾರಗಳು

ಕುತ್ತಿಗೆ ನೋವು ಎನ್ನುವವರನ್ನು ಕೈ ಹಿಡಿದು ಎಳೆದು ಕೂರಿಸಬಾರದು. ತಲೆ, ಕುತ್ತಿಗೆ ಅಲುಗದಂತೆ ಇರಿಸಬೇಕು. ಮಂಪರಿನಲ್ಲಿರುವವರ ಬಾಯಿಗೆ ನೀರು, ಚಹಾ ಹಾಕಬಾರದು, ಉಸಿರಿನ ಕೊಳವೆಗೆ ಹೋಗುತ್ತದೆ. ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಕೀಲಿ ಕೊಡುವುದರಿಂದ ಏನೂ ಆಗದು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಲ್ಲಿ ಏನೂ ಇಡಬೇಡಿ. ತಲೆಗೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಊದಿದ ಕಡೆ ಬಟ್ಟೆಯಲ್ಲಿ ಸುತ್ತಿದ ಬರ್ಫ ಸ್ವಲ್ಪ ಹೊತ್ತು ಇಟ್ಟರೆ ಸಾಕು. ನೋವಿಗೆ ಪ್ಯಾರಾಸಿಟಮಾಲ್ ನಡೆಯುತ್ತದೆ. ಆಸ್ಪಿರಿನ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಹುದಾದ್ದರಿಂದ ವೈದ್ಯರನ್ನು ಕೇಳದೆ ಕೊಡಬಾರದು.

"ಮಲಗಗೊಡಬೇಡಿ" ಎಂದು ರಾತ್ರಿಯೆಲ್ಲ ಎಬ್ಬಿಸಿ ಕೂರಿಸುವ ರೂಢಿಯೂ ಇದೆ. ವೈದ್ಯರು ನೋಡಿ ಮನೆಗೆ ಕಳಿಸಿದ್ದರೆ, ಮಾತು ನಡಿಗೆ ಸರಿಯಿದ್ದರೆ, ನಿದ್ದೆ ಒಳ್ಳೆಯದೇ. ಆದರೆ ಮೊದಲ ಒಂದೆರಡು ರಾತ್ರಿ ಒಬ್ಬರು ಅದೇ ಕೋಣೆಯಲ್ಲಿ ಮಲಗಬೇಕು. ಎಬ್ಬಿಸಿ ನೋಡಿ ಎಂದು ವೈದ್ಯರು ಹೇಳಿದ್ದರೆ ಹಾಗೆ ಮಾಡಬೇಕು.

ಚೇತರಿಕೆಯ ಮೆಟ್ಟಿಲುಗಳು

ಹಿಂದೆ ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುತ್ತಿದ್ದರು. ಈಗಿನ ವೈದ್ಯರು ಹಾಗೆ ಹೇಳುವುದಿಲ್ಲ. ಮೊದಲ 24ರಿಂದ 48 ಗಂಟೆ ಮನೆಯಲ್ಲಿ ಹಗುರಾಗಿ ಇರಬೇಕು. ಟಿ.ವಿ., ಮೊಬೈಲು ಆದಷ್ಟು ಕಡಿಮೆ. ನಿದ್ದೆ, ನೀರು, ಹಿತವಾದ ಊಟ. ಆಮೇಲೆ ಅಂಗಳದಲ್ಲಿ ನಿಧಾನ ನಡಿಗೆ, ಸ್ವಲ್ಪ ಮಾತುಕತೆ, ಸ್ವಲ್ಪ ಓದು. ಅದು ಸಹಿಸಿದರೆ ಅರ್ಧ ದಿನ ಅಂಗಡಿ. ಗಲ್ಲೆಯಲ್ಲಿ ಕೂರಬಹುದು. ಕಿರ್ದಿ ಖಾತೆ ಕೂಡಿಸುವ ಕೆಲಸ ಬೇರೆಯವರಿಗೆ ಬಿಡಿ, ಅಂಕಿ ನೋಡುವಾಗಲೇ ತಲೆನೋವು ಮರಳುವುದು. ಅನಂತರ ಪೂರ್ತಿ ದಿನ. ಮೂಟೆ, ಏಣಿ, ಮೋಟಾರ್ ಸೈಕಲ್ಲು ಎಲ್ಲಕ್ಕಿಂತ ಕೊನೆಗೆ. ಯಾವ ಮೆಟ್ಟಿಲಲ್ಲಿ ತಲೆನೋವು, ತಲೆಸುತ್ತು ಹೆಚ್ಚಿತೋ ಅಲ್ಲಿಂದ ಒಂದು ಮೆಟ್ಟಿಲು ಕೆಳಗಿಳಿದು ಒಂದು ದಿನ ತಡೆದು ಮತ್ತೆ ಹತ್ತಬೇಕು. ಪಂದ್ಯದ ಆಟಕ್ಕೆ ಮರಳುವುದು ವೈದ್ಯರ ಒಪ್ಪಿಗೆ ಸಿಕ್ಕ ಮೇಲೆಯೇ.

ದೊಡ್ಡವರಲ್ಲಿ ಹೆಚ್ಚಿನವರು ಎರಡು ವಾರದಲ್ಲಿ ಗುಣವಾಗುತ್ತಾರೆ. ಮಕ್ಕಳಿಗೆ ನಾಲ್ಕು ವಾರದ ವರೆಗೂ ಹಿಡಿಯಬಹುದು. ಅದಕ್ಕೂ ಮೀರಿದರೆ ಬೆಂಗಳೂರಿನ ನಿಮ್ಹಾನ್ಸ್, ಹೈದರಾಬಾದಿನ ನಿಮ್ಸ್‌ನಂಥ ಕಡೆ ನರರೋಗ ತಜ್ಞರಿಗೆ ತೋರಿಸಬೇಕು. ಶಾಲೆಯ ಮಕ್ಕಳಿದ್ದರೆ ಹೆಡ್‌ಮಾಸ್ತರರಿಗೆ ವೈದ್ಯರ ಚೀಟಿ ತೋರಿಸಿ ಕೆಲವು ದಿನ ಅರ್ಧ ಹೊತ್ತಿನ ಶಾಲೆ, ಮನೆಪಾಠದಲ್ಲಿ ರಿಯಾಯಿತಿ ಕೇಳಿ. ಪರೀಕ್ಷೆ ಹತ್ತಿರ ಬಂತೆಂದು ರಾತ್ರಿ ಓದಿಸಿದರೆ ಓದೂ ತಲೆಗೆ ಹತ್ತುವುದಿಲ್ಲ, ತಲೆಯೂ ವಾಸಿಯಾಗುವುದಿಲ್ಲ.

ಇಲ್ಲಿ ಮನೆಯವರ ಮಾತು ಬಹಳ ಮುಖ್ಯ. ಪರಿಚಯದ ಮನೆಯೊಂದರಲ್ಲಿ ಸೊಸೆ ಅಡುಗೆಮನೆಯ ಒದ್ದೆ ನೆಲದಲ್ಲಿ ಜಾರಿ ಹಿಂದಲೆ ಬಡಿದುಕೊಂಡಳು. ರಕ್ತ ಬರಲಿಲ್ಲ. ಸಂಜೆಗೆ ಎದ್ದು ಅಡುಗೆಗೆ ನಿಂತಳು. ವಾರ ಕಳೆದರೂ ಸಾರಿಗೆ ಉಪ್ಪು ಎರಡು ಸಲ, ಒಲೆಯ ಮೇಲೆ ಹಾಲು ಮರೆತದ್ದು, ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿಕೊಳ್ಳುವುದು. "ಕೆಲಸಗಳ್ಳತನ" ಎಂಬ ಮಾತು ಮನೆಯಲ್ಲಿ ಹುಟ್ಟಿತು. ಕಡೆಗೆ ಅತ್ತೆಯೇ ಮನಸ್ಸು ಕರಗಿ ವೈದ್ಯರ ಬಳಿ ಕರೆದೊಯ್ದರು. ವೈದ್ಯರು ಕೇಳಿದ್ದು, "ಬಿದ್ದ ಮೇಲೆ ಎಷ್ಟು ದಿನ ವಿಶ್ರಾಂತಿ ಕೊಟ್ಟಿರಿ ಅವ್ವಾ?" ಅತ್ತೆಯ ಬಳಿ ಉತ್ತರವಿರಲಿಲ್ಲ. ಅಂದಿನಿಂದ ಒಲೆ ತಾವೇ ಹಿಡಿದರು. ಮೂರು ವಾರಕ್ಕೆ ಹುಡುಗಿ ಮೊದಲಿನಂತಾದಳು. ಕಾಲಿಗೆ ಪ್ಲಾಸ್ಟರ್ ಹಾಕಿದ್ದರೆ ಯಾರೂ ಕಳ್ಳತನ ಎನ್ನುತ್ತಿರಲಿಲ್ಲ. ಮಿದುಳಿಗೆ ಪ್ಲಾಸ್ಟರ್ ಹಾಕಲು ಬರುವುದಿಲ್ಲ. ಅದರ ಜಾಗದಲ್ಲಿ ಮನೆಯವರ ತಾಳ್ಮೆಯೇ ಇರಬೇಕು. ನಮ್ಮ ಹೆಂಗಸರು ಮತ್ತು ಕೂಲಿಯ ಹಮಾಲರು ತಮ್ಮ ಪೆಟ್ಟನ್ನು ಹೇಳಿಕೊಳ್ಳುವುದಿಲ್ಲ, ಒಬ್ಬರಿಗೆ ಸಂಕೋಚ, ಇನ್ನೊಬ್ಬರಿಗೆ ದಿನಗೂಲಿಯ ಚಿಂತೆ. ಗೋದಾಮಿನಲ್ಲಿ ಬಿದ್ದ ಹಮಾಲನಿಗೆ ನಾಲ್ಕು ದಿನದ ಕೂಲಿ ಕೊಟ್ಟು ಮನೆಗೆ ಕಳಿಸುವುದು ಮಾಲೀಕನ ಧರ್ಮ.

ಉಪವಾಸದ ದಿನಗಳಲ್ಲಿ

ದಶಲಕ್ಷಣ ಪರ್ವದಲ್ಲಿ ಉಪವಾಸವಿದ್ದವರು ನಿತ್ರಾಣದಿಂದ ತಲೆಸುತ್ತಿ ಬಸದಿಯ ಕಲ್ಲಿನ ಮೇಲೆ ಬೀಳುವುದುಂಟು. ಆಮೇಲೆ ಬರುವ ತಲೆನೋವು, ಓಕರಿಕೆ, ಮಂಪರನ್ನೆಲ್ಲ "ಉಪವಾಸದ್ದು" ಎಂದು ಬಿಡುತ್ತೇವೆ. ಎರಡರ ಲಕ್ಷಣ ಒಂದೇ ತರಹ ಇರುವುದರಿಂದ ಇಲ್ಲಿ ಮೋಸ ಹೋಗುವುದು ಸುಲಭ. ಬೀಳುವಾಗ ತಲೆ ಬಡಿಯಿತೇ ಎಂದು ಕಂಡವರನ್ನು ಕೇಳಿ, ಬಡಿದಿದ್ದರೆ ವೈದ್ಯರಿಗೆ ತೋರಿಸಿ. ರಾತ್ರಿ ನೀರು ಔಷಧ ತ್ಯಾಗ ಮಾಡಿದವರು ಆ ಬಗ್ಗೆ ಗುರುಗಳನ್ನು ಕೇಳಲಿ. ವ್ರತದಲ್ಲಿ ಲೋಪವಾದರೆ ಪ್ರಾಯಶ್ಚಿತ್ತದ ದಾರಿ ಇದೆ. ಆದರೆ ಪರೀಕ್ಷೆಗೆ ಕರೆದೊಯ್ಯುವುದಕ್ಕೆ ಯಾವ ವ್ರತವೂ ಅಡ್ಡಿ ಬರುವುದಿಲ್ಲ, ಅದನ್ನು ಬೆಳಗಿನ ತನಕ ತಡೆಯಬೇಡಿ.

ನಮ್ಮ ಹಿರಿಯರು ಹಿಂಸೆಯ ಬೇರು ಪ್ರಮಾದದಲ್ಲಿದೆ ಎಂದು ತಿಳಿಸಿದ್ದಾರೆ. ನೋಡಿ ನಡೆಯುವುದು ಈರ್ಯಾ ಸಮಿತಿ, ವಸ್ತುಗಳನ್ನು ನೋಡಿ ಎತ್ತಿ ನೋಡಿ ಇಡುವುದು ಆದಾನ ನಿಕ್ಷೇಪಣ ಸಮಿತಿ. ಇವು ಮುನಿಗಳ ಆಚರಣೆಯಾದರೂ ಗೃಹಸ್ಥರು ತಮ್ಮ ಶಕ್ತಿಗೆ ತಕ್ಕಷ್ಟು ಪಾಲಿಸಿದರೆ ಅರ್ಧ ಅಪಘಾತ ತಪ್ಪುತ್ತವೆ. ಬಚ್ಚಲಿನ ಕಲ್ಲನ್ನು ಒರಟು ಮಾಡಿಸಿ ಹಿಡಿಕೆ ಹಾಕಿಸಿ. ಮಾಳಿಗೆಗೆ ಕಟ್ಟೆ ಕಟ್ಟಿಸಿ. ಏಣಿಯ ಬುಡ ಒಬ್ಬರು ಹಿಡಿಯಲಿ. ಗಾಡಿ ಹತ್ತುವಾಗ ಹಿಂದೆ ಕೂತವರಿಗೂ ಪಟ್ಟಿ ಬಿಗಿದ ಹೆಲ್ಮೆಟ್ ಇರಲಿ. ಹೆಲ್ಮೆಟ್ ಬುರುಡೆ ಒಡೆಯುವುದನ್ನು, ಸಾವನ್ನು ಬಹಳ ಮಟ್ಟಿಗೆ ತಡೆಯುತ್ತದೆ. ಕನ್‌ಕಷನ್ ಅನ್ನು ಪೂರ್ತಿ ತಡೆಯಲಾರದು. ಒಮ್ಮೆ ಜೋರು ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಬಳಸಬಾರದು.

ಈ ಪುಟವನ್ನು ಓದಿದವರು ಮನೆಯ ಮಕ್ಕಳಿಗೆ, ಅಂಗಡಿಯ ಆಳುಗಳಿಗೆ ಒಮ್ಮೆ ಓದಿ ಹೇಳಿ. ಯಾರಾದರೂ ಬಿದ್ದು ಎದ್ದು "ಏನೂ ಆಗಿಲ್ಲ" ಎಂದರೆ, "ಇರಲಿ ಅಣ್ಣಾ, ಇವತ್ತೊಂದು ದಿನ ನಮ್ಮ ಕಣ್ಣಮುಂದೆ ಕೂತಿರು" ಎನ್ನಿ. ಒಂದು ದಿನದ ವ್ಯಾಪಾರ ಹೋದರೆ ನಾಳೆ ಬರುತ್ತದೆ.

ಜಯ ಜಿನೇಂದ್ರ.